ಮಂಡಿಮಟ ಕೆಸರು, ಅರ್ಧ ಪುಟದ ಮನವಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ನೆರೆ ಪರಿಹಾರದ ಬಗ್ಗೆ ಈ ಸಲ ಬಂದ ಪತ್ರಗಳು ಬಹುತೇಕ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳವು. ಸರ್ಕಾರವನ್ನು ಬೈದವರು ಇದ್ದಾರೆ, ಅದು ಗೊತ್ತಿದ್ದದ್ದೇ. ಆದರೆ ಹೆಚ್ಚಿನ ಸಿಟ್ಟು ಹರಿದಿರುವುದು ವಿರೋಧ ಪಕ್ಷದವರ ಕಡೆಗೆ. ಯಾವ ಪಕ್ಷ, ಯಾವ ನಾಯಕರು ಎಂಬುದನ್ನು ಪತ್ರಗಳಿಂದ ತೆಗೆದಿದ್ದೇವೆ. ಹತ್ತು ವರ್ಷದಲ್ಲಿ ಆ ಸಾಲಿನ ಕುರ್ಚಿಗಳಲ್ಲಿ ಎಲ್ಲರೂ ಕೂತು ಎದ್ದಿದ್ದಾರೆ.

ಪ್ರಶ್ನೆ: ನಮ್ಮ ಹತ್ತಿ ಹೊಲದಾಗ ಎಂಟು ದಿನ ನೀರು ನಿಂತಿತ್ತು. ವಿರೋಧ ಪಕ್ಷದವರು ಬಂದ್ರು, ಮಂಡಿಮಟ ಕೆಸರಿನಾಗ ನಿಂತು ಕೊಳೆತ ಕಾಯಿ ಹಿಡಿದು ಫೋಟೊ ತೆಗೆಸಿಕೊಂಡ್ರು, ಜಿಲ್ಲಾಧಿಕಾರಿಗೆ ಮನವಿ ಕೊಟ್ಟು ಹೋದ್ರು. ಎರಡೂವರೆ ತಿಂಗಳಾತು, ಒಂದು ರೂಪಾಯಿ ಬಂದಿಲ್ಲ. ‘ಅಧಿಕಾರ ಇಲ್ಲದವರು ಇದಕ್ಕಿಂತ ಹೆಚ್ಚು ಏನು ಮಾಡಬೇಕು’ ಅಂತ ಊರ ಮುಖಂಡರು ನಮ್ಮನ್ನೇ ಕೇಳತಾರ. ಅವರ ಮಾತು ಖರೇನಾ?
— ಓದುಗರು, ದೇವದುರ್ಗ ತಾಲ್ಲೂಕು

ಉತ್ತರ: ಅರ್ಧ ಖರೆ. ಪರಿಹಾರದ ಕಡತಕ್ಕೆ ಸಹಿ ಹಾಕುವ ಅಧಿಕಾರ ಅವರಿಗಿಲ್ಲ. ಆ ಕಡತ ಎಲ್ಲಿದೆ ಎಂದು ಕೇಳುವ ಅಧಿಕಾರ ಇದೆ. ನಿಮ್ಮ ಹಣ ಸಿಕ್ಕಿಬಿದ್ದಿರುವುದೂ ಬಹುಮಟ್ಟಿಗೆ ಅಂಥ ಒಂದು ಕಡತದಲ್ಲೇ.

ಬೆಳೆ ಪರಿಹಾರ ಐದು ಮೆಟ್ಟಿಲು ಹತ್ತಿ ಬರುತ್ತದೆ. ಮೊದಲಿಗೆ ಗ್ರಾಮ ಆಡಳಿತಾಧಿಕಾರಿ ಮತ್ತು ಕೃಷಿ ಇಲಾಖೆಯ ಸಿಬ್ಬಂದಿ ಕೂಡಿ ಹೊಲಕ್ಕೆ ಬಂದು ಜಂಟಿ ಸಮೀಕ್ಷೆ ಮಾಡಬೇಕು. ತೋಟದ ಬೆಳೆಯಾದರೆ ತೋಟಗಾರಿಕೆಯವರು ಬರಬೇಕು. ಹಾನಿ ಶೇ 33 ಮುಟ್ಟಿದರೆ ಮಾತ್ರ ಪರಿಹಾರ, 32 ಎಂದು ಬರೆದರೆ ಸೊನ್ನೆ. ಎರಡನೆಯದು, ಆ ಪಟ್ಟಿ ‘ಪರಿಹಾರ’ ತಂತ್ರಾಂಶಕ್ಕೆ ಏರಬೇಕು. ಮೂರನೆಯದು, ಪಹಣಿಯ ಹೆಸರು, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ದಾಖಲಾದ ಬೆಳೆ, ಈ ಮೂರೂ ತಾಳೆಯಾಗಬೇಕು. ನಾಲ್ಕನೆಯದು ತಹಶೀಲ್ದಾರರ ಮತ್ತು ಜಿಲ್ಲಾಧಿಕಾರಿಯ ಒಪ್ಪಿಗೆ. ಐದನೆಯದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಜಮಾ.

ಹೆಚ್ಚು ಜನ ಬೀಳುವುದು ಮೂರನೇ ಮೆಟ್ಟಿಲಲ್ಲಿ. ಹತ್ತಿ ಬಿತ್ತಿದ ಹೊಲ ಬೆಳೆ ಸಮೀಕ್ಷೆಯಲ್ಲಿ ‘ತೊಗರಿ’ ಎಂದೋ ‘ಪಾಳು’ ಎಂದೋ ಇರುತ್ತದೆ. ಸಮೀಕ್ಷೆಗೆ ನೇಮಿಸಿದ ಹುಡುಗ ಕೆಸರಿಗೆ ಅಂಜಿ ದಾರಿಯಂಚಿನ ಪಕ್ಕದ ಹೊಲದಲ್ಲಿ ನಿಂತು ಫೋಟೊ ಹೊಡೆದಿರುತ್ತಾನೆ. ಇಲ್ಲವೇ ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇರುತ್ತದೆ. ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗದ ಜಮೀನಿಗೆ ಹಣ ಹಾಕಲು ತಂತ್ರಾಂಶಕ್ಕೆ ಜೀವಂತ ಮನುಷ್ಯನೇ ಸಿಗುವುದಿಲ್ಲ. ಐದನೇ ಮೆಟ್ಟಿಲಲ್ಲಿ ಬೀಳುವವರೂ ಕಡಿಮೆಯಿಲ್ಲ. ಪಾಸ್‌ಬುಕ್ಕಿಗೆ ಆಧಾರ್ ಕೊಟ್ಟಿದ್ದೇವೆ ಎಂದು ನಂಬಿರುತ್ತಾರೆ. ಆದರೆ ಸರ್ಕಾರದ ಹಣ ಬರಲು ಆ ಖಾತೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಚಾಲ್ತಿಯಲ್ಲಿರಬೇಕು, ಅದು ಬೇರೆ ಕೆಲಸ. ಬ್ಯಾಂಕಿನಲ್ಲಿ ‘ಡಿಬಿಟಿಗೆ (ನೇರ ನಗದು ವರ್ಗಾವಣೆಗೆ) ಜೋಡಿಸಿದ್ದೀರಾ’ ಎಂದೇ ಕೇಳಬೇಕು.

ಈಗ ನಿಮ್ಮ ನಾಯಕರು ಕೊಟ್ಟ ಮನವಿಗೆ ಬನ್ನಿ. ಇಂಥ ಮನವಿಗಳ ಒಕ್ಕಣೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಅತಿವೃಷ್ಟಿಯಿಂದ ರೈತರು ತೀವ್ರ ಸಂಕಷ್ಟದಲ್ಲಿದ್ದು, ಸರ್ಕಾರ ಕೂಡಲೇ ಸೂಕ್ತ ಪರಿಹಾರ ನೀಡಬೇಕೆಂದು ಆಗ್ರಹಿಸುತ್ತೇವೆ.’ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊಹರು ಬೀಳುತ್ತದೆ, ‘ಸರ್ಕಾರಕ್ಕೆ ಕಳಿಸಲಾಗುವುದು’ ಎಂಬ ಉತ್ತರ ಬರುತ್ತದೆ, ಎರಡು ಕಡೆಯವರಿಗೂ ಸಮಾಧಾನ. ಆ ವಾಕ್ಯವನ್ನು ಕೊಲ್ಲುವ ಪದ ‘ಸೂಕ್ತ’. ಎಷ್ಟು, ಯಾರಿಗೆ, ಯಾವ ದಿನದೊಳಗೆ ಎಂಬ ಮೂರನ್ನೂ ಅದು ನುಂಗುತ್ತದೆ.

ಅದೇ ಕಾಗದದಲ್ಲಿ ಹೀಗೆ ಬರೆದಿದ್ದರೆ? ‘ಗಬ್ಬೂರು ಹೋಬಳಿಯ ಎಷ್ಟು ಗ್ರಾಮಗಳಲ್ಲಿ ಜಂಟಿ ಸಮೀಕ್ಷೆ ಮುಗಿದಿದೆ? ಎಷ್ಟು ಸರ್ವೆ ನಂಬರು ತಂತ್ರಾಂಶಕ್ಕೆ ಏರಿವೆ? ಬೆಳೆ ತಾಳೆಯಾಗದೆ ನಿಂತವು ಎಷ್ಟು? ತಹಶೀಲ್ದಾರರ ಒಪ್ಪಿಗೆಗೆ ಬಾಕಿ ಎಷ್ಟು? ಬ್ಯಾಂಕಿನಿಂದ ವಾಪಸು ಬಂದವು ಎಷ್ಟು? ಪಟ್ಟಿಯನ್ನು ಯಾವ ದಿನ ಪಂಚಾಯಿತಿ ಗೋಡೆಗೆ ಅಂಟಿಸುತ್ತೀರಿ?’ ಇದಕ್ಕೆ ‘ಸರ್ಕಾರಕ್ಕೆ ಕಳಿಸುತ್ತೇವೆ’ ಎನ್ನಲು ಬರುವುದಿಲ್ಲ, ಏಕೆಂದರೆ ಉತ್ತರ ಬೆಂಗಳೂರಿನಲ್ಲಿಲ್ಲ, ಅದೇ ಕಟ್ಟಡದ ಕಂಪ್ಯೂಟರಿನಲ್ಲಿದೆ.

ಕೇಳುವ ಜಾಗಗಳೂ ಇವೆ. ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯ ಅಧ್ಯಕ್ಷತೆ ಆ ಕ್ಷೇತ್ರದ ಶಾಸಕರದೇ, ಅವರು ಯಾವ ಪಕ್ಷದವರಾದರೂ ಸರಿ. ಅಂದರೆ ವಿರೋಧ ಪಕ್ಷದ ಶಾಸಕರು ತಮ್ಮ ತಾಲ್ಲೂಕಿನಲ್ಲಿ ತಹಶೀಲ್ದಾರರನ್ನು ಎದುರಿಗೆ ಕೂರಿಸಿಕೊಂಡು ಈ ಆರು ಪ್ರಶ್ನೆಗಳನ್ನು ಕೇಳಿ ನಡಾವಳಿಯಲ್ಲಿ ಬರೆಸಬಹುದು. ಅದೇ ನಾಯಕರು ತಾವೇ ಅಧ್ಯಕ್ಷರಾಗಿರುವ ಸಭೆ ಬಿಟ್ಟು ಹೊಲದಲ್ಲಿ ಭಾಷಣ ಮಾಡುವುದು ವಿಚಿತ್ರ.

ಇನ್ನೊಂದು ಖಾಲಿ ಕುರ್ಚಿಯೂ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ನಮ್ಮ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ವಿಪತ್ತಿನ ಮೇಜಿನಲ್ಲಿ ಜನ ಆರಿಸಿದವರಿಗೆಂದು ಕಾನೂನು ಇಟ್ಟ ಒಂದೇ ಜಾಗ ಹೀಗೆ ಬರಿದಾಗಿ ಉಳಿಯಿತು. ಕೆಸರಿನಲ್ಲಿ ನಿಂತವರು ಈ ಮಾತು ಎತ್ತುವುದು ಅಪರೂಪ, ಏಕೆಂದರೆ ಚುನಾವಣೆ ಮುಂದಕ್ಕೆ ಹೋದಾಗ ಎರಡು ಕಡೆಯವರೂ ಸುಮ್ಮನಿದ್ದರು.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆಯೇ. ನೀವು ಬೆಳೆ ವಿಮೆ ಕಟ್ಟಿದ್ದರೆ, ಹತ್ತಿ ಹೊಲದಲ್ಲಿ ನೀರು ನಿಂತದ್ದು ಸ್ಥಳೀಯ ವಿಕೋಪದ ಲೆಕ್ಕಕ್ಕೆ ಬರುತ್ತದೆ, ಆದರೆ 72 ಗಂಟೆಯೊಳಗೆ ತಿಳಿಸಿರಬೇಕು. 14447ಕ್ಕೆ ಫೋನ್ ಮಾಡಿ ವಿಮೆ ಅರ್ಜಿಯ ಸಂಖ್ಯೆ, ಸರ್ವೆ ನಂಬರು, ನೀರು ನುಗ್ಗಿದ ದಿನ ಹೇಳಿದರೆ ದೂರಿಗೆ ಒಂದು ನಂಬರು ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಪ್ರತಿ ಬೂತಿಗೆ ಏಜೆಂಟರಿರುವ ಪಕ್ಷಕ್ಕೆ ಊರಿನ ನೂರು ರೈತರಿಂದ ಈ ಫೋನ್ ಮಾಡಿಸುವುದು ಒಂದು ದಿನದ ಕೆಲಸ. ನಾಯಕರ ಕಾರು ಬಂದದ್ದು ನೀರು ಇಳಿದ ಮೇಲೆ. ಅಷ್ಟೊತ್ತಿಗೆ 72 ಗಂಟೆ ಕಳೆದಿತ್ತು.

ಪ್ರಶ್ನೆ: ನನ್ನದು 2 ಎಕರೆ 10 ಗುಂಟೆ ಖುಷ್ಕಿ, ಪೂರ್ತಿ ತೊಗರಿ, ಪೂರ್ತಿ ಹಾಳು. ಸರ್ಕಾರ 17 ಸಾವಿರ ಅನ್ನುತ್ತದೆ. ವಿರೋಧ ಪಕ್ಷದವರು ಎಕರೆಗೆ 25 ಸಾವಿರ ಕೊಡಿಸುತ್ತೇವೆ ಅನ್ನುತ್ತಾರೆ. ನನ್ನ ಖಾತೆಗೆ ಬಂದದ್ದು 6,020 ರೂಪಾಯಿ. ಸುಳ್ಳು ಯಾರದು?
— ಓದುಗರು, ಮಾನ್ವಿ

ಉತ್ತರ: ಸುಳ್ಳು ಹೇಳದೆಯೇ ಇಬ್ಬರೂ ನಿಮ್ಮನ್ನು ಗೊಂದಲಕ್ಕೆ ಹಾಕಿದ್ದಾರೆ. ಸರ್ಕಾರದ ದರ ಎಕರೆಗಲ್ಲ, ಹೆಕ್ಟೇರಿಗೆ. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ. ವಿಪತ್ತು ನಿಧಿಯ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ ಒಬ್ಬ ರೈತನಿಗೆ 2 ಹೆಕ್ಟೇರ್ ಮಿತಿಯಲ್ಲಿ. 2025ರ ಸೆಪ್ಟೆಂಬರ್ ಕೊನೆಗೆ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ ಇನ್ನೂ 8,500 ಕೊಡುವುದಾಗಿ ಘೋಷಿಸಿತು. ಖುಷ್ಕಿಗೆ 17,000 ಎಂಬುದು ಆ ಎರಡರ ಮೊತ್ತ. ಎಕರೆ ಲೆಕ್ಕಕ್ಕೆ ಇಳಿಸಿದರೆ ಬರೀ ಮಾನದಂಡ ಸುಮಾರು 3,440, ಎರಡೂ ಸೇರಿ 6,880.

ಈಗ ನಿಮ್ಮ 6,020. ಎರಡೂಕಾಲು ಎಕರೆಗೆ ಮಾನದಂಡದ ದರದಲ್ಲೇ 7,740ರ ಹತ್ತಿರ ಬರಬೇಕಿತ್ತು. 6,020 ಎಂದರೆ ಒಂದು ಮುಕ್ಕಾಲು ಎಕರೆಯ ಲೆಕ್ಕ. ಅಂದರೆ ಜಂಟಿ ಸಮೀಕ್ಷೆಯಲ್ಲಿ ಹಾನಿಯಾದ ವಿಸ್ತೀರ್ಣ 1 ಎಕರೆ 30 ಗುಂಟೆ ಎಂದು ಬರೆದಿರಬೇಕು. ನಿಮ್ಮ 20 ಗುಂಟೆ ಹೋಗಿದೆ. ಭೂಮಿ ಜಾಲತಾಣದ ‘ಪರಿಹಾರ’ ಪುಟದಲ್ಲಿ ವರ್ಷ, ಹಂಗಾಮು, ವಿಕೋಪದ ಬಗೆ ಆರಿಸಿ ಆಧಾರ್ ಸಂಖ್ಯೆ ಹಾಕಿ ಪಾವತಿ ವಿವರ ನೋಡಿ. ಅದರ ಪ್ರತಿ, ಪಹಣಿ, ಬೆಳೆಯ ಫೋಟೊ ಇಟ್ಟು ನಾಡಕಚೇರಿಯಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಚ್ಚುವರಿ 8,500ರ ಪಾಲು ಮೂಲ ಪರಿಹಾರದ ಜತೆಗೇ ಬರಬೇಕೆಂದಿಲ್ಲ, ಬೇರೆ ಕಂತಾಗಿ ಬರಬಹುದು. ಆದರೆ ಅದೂ ಇದೇ ವಿಸ್ತೀರ್ಣದ ಮೇಲೆ ಲೆಕ್ಕವಾಗುವುದರಿಂದ 20 ಗುಂಟೆಯ ತಪ್ಪು ಎರಡು ಸಲ ಹೊಡೆಯುತ್ತದೆ.

‘ಎಕರೆಗೆ 25 ಸಾವಿರ’ ಎಂದರೆ ಹೆಕ್ಟೇರಿಗೆ 61 ಸಾವಿರಕ್ಕೂ ಹೆಚ್ಚು, ಖುಷ್ಕಿ ಮಾನದಂಡದ ಏಳು ಪಟ್ಟು ದಾಟುತ್ತದೆ. ಕೇಳುವುದು ತಪ್ಪಲ್ಲ. ಗೊಬ್ಬರ, ಬೀಜ, ಕಳೆ ಕೂಲಿಯ ಲೆಕ್ಕ ಹಾಕಿದರೆ 8,500 ಯಾವ ಮೂಲೆಗೂ ಸಾಲದು. ಆದರೆ ಈ ಮಾನದಂಡ ನಿಗದಿ ಮಾಡುವುದು ಕೇಂದ್ರ ಗೃಹ ಸಚಿವಾಲಯ, ಅದರ ಮೇಲೆ ಸೇರಿಸುವುದು ರಾಜ್ಯದ ಬೊಕ್ಕಸ. 25 ಸಾವಿರ ಎನ್ನುವವರು ಯಾವ ಬಾಗಿಲ ಮುಂದೆ ನಿಂತು ಕೂಗುತ್ತಿದ್ದಾರೆ ಎಂದು ಹೇಳಬೇಕು. ತಾವು ಆಳುತ್ತಿದ್ದಾಗ ಎಷ್ಟು ಕೊಟ್ಟಿದ್ದೆವು ಎಂದೂ ಹೇಳಬೇಕು. ಹಿಂದಿನ ಸರ್ಕಾರದ ಕಾಲದಲ್ಲಿ ಖುಷ್ಕಿಯ 6,800ಕ್ಕೆ ರಾಜ್ಯ ಅಷ್ಟೇ ಸೇರಿಸಿ 13,600 ಕೊಟ್ಟದ್ದು ಒಳ್ಳೆಯ ಉದಾಹರಣೆ. ಆಗ ವಿರೋಧದಲ್ಲಿದ್ದವರು ಅದನ್ನು ಸಾಲದು ಎಂದರು, ಈಗ ಅದನ್ನು ಕೊಟ್ಟವರು 17,000 ಸಾಲದು ಎನ್ನುತ್ತಾರೆ. ಇಬ್ಬರ ಮಾತೂ ಸರಿಯೇ.

ಪ್ರಶ್ನೆ: ನಾಲ್ಕು ಎಕರೆ ಗದ್ದೆ ಲೀಸಿಗೆ ಹಾಕಿಕೊಂಡು ನೆಲ್ಲು ಹಚ್ಚಿದ್ದೆ. ಬೆಳೆ ಹೋಯ್ತು, ಪರಿಹಾರ ಗದ್ದೆ ಮಾಲೀಕರಿಗೆ ಬಂತು. ವಿರೋಧ ಪಕ್ಷದ ನಾಯಕರು ‘ಗುತ್ತಿಗೆ ರೈತರಿಗೂ ಕೊಡಲೇಬೇಕು’ ಅಂತ ಗುಡುಗಿದರು. ಆಮೇಲೆ ಸುದ್ದಿಯೇ ಇಲ್ಲ.
— ಓದುಗರು, ಕಾರಟಗಿ

ಉತ್ತರ: ಗುಡುಗಿದವರಿಗೆ ತೊಡಕು ಎಲ್ಲಿದೆ ಎಂದು ಗೊತ್ತಿರಲೇಬೇಕು. ಕರ್ನಾಟಕದ ಭೂಸುಧಾರಣಾ ಕಾಯ್ದೆ 1974ರಿಂದ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ, ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಉಳುವವನಿಗೆ ಭೂಮಿ ಕೊಡಿಸಿದ ಕಾನೂನು ಅದು. ಆದರೆ ಇವತ್ತು ತುಂಗಭದ್ರಾ ಎಡದಂಡೆಯಲ್ಲಿ ಲೀಸ್ ಇಲ್ಲದ ಊರು ಹುಡುಕುವುದು ಕಷ್ಟ. ಎಲ್ಲವೂ ಬಾಯಿಮಾತಿನದು. ಬರೆದುಕೊಟ್ಟರೆ ನಾಳೆ ಜಮೀನೇ ಹೋದೀತು ಎಂಬ ಅಂಜಿಕೆ ಮಾಲೀಕರಿಗೆ. ಬರಹ ಇಲ್ಲದಿದ್ದರೆ ಪರಿಹಾರ ತಂತ್ರಾಂಶಕ್ಕೆ ನೀವು ಕಾಣುವುದೇ ಇಲ್ಲ. ಪಹಣಿ ಯಾರದೋ ಹಣ ಅವರದು.

ಇದನ್ನು ಬಿಡಿಸಲು ಕಾನೂನಿಗೇ ಕೈ ಹಾಕಬೇಕು. ಅದಕ್ಕೆ ವಿರೋಧ ಪಕ್ಷದ ಶಾಸಕರು ಖಾಸಗಿ ಮಸೂದೆ ತರಬಹುದು. ಅದು ಪಾಸಾಗದಿದ್ದರೂ ಸರ್ಕಾರ ಹೌದೋ ಅಲ್ಲವೋ ಹೇಳಬೇಕಾಗುತ್ತದೆ. ಆದರೆ ಮಾಲೀಕರೂ ಮತದಾರರೇ, ಅದಕ್ಕೇ ಆ ಗಂಟನ್ನು ಯಾರೂ ಮುಟ್ಟುವುದಿಲ್ಲ. ಮುಂದಿನ ಹಂಗಾಮಿಗೆ ನೀವು ಮಾಡಬಹುದಾದದ್ದು ಇಷ್ಟೇ: ನಾಟಿಗೆ ಮುಂಚೆ, ಲೀಸಿನ ಮಾತಾಡುವಾಗಲೇ, ಬೆಳೆ ಹೋಗಿ ಪರಿಹಾರ ಬಂದರೆ ಯಾರಿಗೆ ಎಷ್ಟು ಪಾಲು ಎಂದು ಊರ ಇಬ್ಬರು ಹಿರಿಯರ ಎದುರು ಮಾಲೀಕರೊಂದಿಗೆ ತೀರ್ಮಾನ ಮಾಡಿಕೊಳ್ಳಿ. ಬೆಳೆ ಹೋದ ಮೇಲೆ ಈ ಮಾತು ಎತ್ತಿದರೆ ಜಗಳ.

ಪ್ರಶ್ನೆ: ‘ಕೇಂದ್ರ ಕೊಟ್ಟಿಲ್ಲ’ ಅಂತ ರಾಜ್ಯ, ‘ರಾಜ್ಯ ಕೇಳಿಲ್ಲ’ ಅಂತ ವಿರೋಧ ಪಕ್ಷ. ‘ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿ’ ಅಂತ ಇನ್ನೊಬ್ಬರು. ಯಾರನ್ನು ನಂಬೋದು?
— ಓದುಗರು, ಯಲಬುರ್ಗಾ

ಉತ್ತರ: ಎತ್ತು ಏರಿಗೆ, ಕೋಣ ನೀರಿಗೆ. ಮೊದಲು ಕೊನೆಯ ಬೇಡಿಕೆ ಮುಗಿಸೋಣ. ವಿಪತ್ತು ನಿಧಿಯ ನಿಯಮಗಳಲ್ಲಿ ‘ರಾಷ್ಟ್ರೀಯ ವಿಪತ್ತು’ ಎಂದು ಘೋಷಿಸುವ ಅವಕಾಶವೇ ಇಲ್ಲ. ‘ತೀವ್ರ ಸ್ವರೂಪದ ವಿಪತ್ತು’ ಎಂಬುದು ಮಾತ್ರ ಇದೆ. ಹಾಗೆ ಗುರುತಿಸಿದರೆ ಬೇರೆ ರಾಜ್ಯಗಳ ಸಂಸದರೂ ತಮ್ಮ ಸಂಸದರ ನಿಧಿಯಿಂದ ತಲಾ 1 ಕೋಟಿವರೆಗೆ ಕೆಲಸ ಕೊಡಬಹುದು. ಪ್ರತಿ ನೆರೆಯಲ್ಲೂ ‘ರಾಷ್ಟ್ರೀಯ ವಿಪತ್ತು’ ಎಂದು ಕೂಗುವವರು ಇಷ್ಟನ್ನು ಓದಿದಂತೆ ಕಾಣುವುದಿಲ್ಲ.

ಹಣದ ದಾರಿ ಹೀಗೆ. ರಾಜ್ಯ ವಿಪತ್ತು ನಿಧಿಯಲ್ಲಿ ಕೇಂದ್ರದ್ದು ಶೇ 75, ರಾಜ್ಯದ್ದು ಶೇ 25. ಇದು ವರ್ಷಕ್ಕೆ ಎರಡು ಕಂತಿನಲ್ಲಿ ಬರುವ ಹಣ, ಯಾರೂ ಬೇಡಬೇಕಾಗಿಲ್ಲ. ಅದು ಸಾಲದಾದಾಗ ಮಾತ್ರ ರಾಜ್ಯ ಲೆಕ್ಕ ಸಮೇತ ಮನವಿ ಪತ್ರ ಕಳಿಸಬೇಕು. ಆಮೇಲೆ ಕೇಂದ್ರ ತಂಡ ಬರುತ್ತದೆ, ವರದಿ ಉಪಸಮಿತಿಗೆ ಹೋಗುತ್ತದೆ, ಕೊನೆಗೆ ಗೃಹ ಸಚಿವರ ನೇತೃತ್ವದ ಉನ್ನತ ಮಟ್ಟದ ಸಮಿತಿ ತೀರ್ಮಾನಿಸುತ್ತದೆ. ಕೊಡುವಾಗ ರಾಜ್ಯ ನಿಧಿಯಲ್ಲಿ ವರ್ಷದ ಆರಂಭಕ್ಕೆ ಉಳಿದಿದ್ದ ಹಣದ ಅರ್ಧವನ್ನು ಕಳೆದೇ ಕೊಡುತ್ತಾರೆ. ‘ಇಷ್ಟು ಮಂಜೂರಾಯಿತು’ ಎಂಬ ಸುದ್ದಿಗೂ ಖಜಾನೆಗೆ ಬಂದ ಹಣಕ್ಕೂ ವ್ಯತ್ಯಾಸ ಬೀಳುವುದು ಇಲ್ಲಿ.

ಪಾತ್ರ ಬದಲಾವಣೆಯನ್ನು ಎರಡು ವರ್ಷಗಳಲ್ಲಿ ನೋಡಬಹುದು. 2019ರ ಆಗಸ್ಟ್ ನೆರೆಯಲ್ಲಿ ಕೇಂದ್ರ, ರಾಜ್ಯ ಎರಡರಲ್ಲೂ ಬಿಜೆಪಿ. ಸಚಿವ ಸಂಪುಟವೇ ಇಲ್ಲದೆ ಮುಖ್ಯಮಂತ್ರಿ ಒಬ್ಬರೇ ಓಡಾಡಿದರು. ಕೇಂದ್ರದ 1,200 ಕೋಟಿ ಮಧ್ಯಂತರ ನೆರವು ಪ್ರಕಟವಾದದ್ದು ಅಕ್ಟೋಬರ್ ಮೊದಲ ವಾರ. ರಾಜ್ಯದ 28 ಸಂಸದರಲ್ಲಿ 25 ಮಂದಿ ಆಳುವ ಪಕ್ಷದವರು, ನಮ್ಮ ಮೂರು ಕ್ಷೇತ್ರದವರೂ ಸೇರಿ. ಆಗ ‘ಕೇಂದ್ರ ಎಲ್ಲಿ’ ಎಂದು ಕೇಳಿದವರು ಕಾಂಗ್ರೆಸ್ಸಿನವರು. 2023ರ ಬರದಲ್ಲಿ ಅದೇ ಕಾಂಗ್ರೆಸ್ ರಾಜ್ಯದಲ್ಲಿ ಆಳುತ್ತಿತ್ತು. 236ರಲ್ಲಿ 223 ತಾಲ್ಲೂಕು ಬರಪೀಡಿತ ಎಂದು ಘೋಷಿಸಿ 18,171 ಕೋಟಿ ಕೇಳಿತು, ಹಣ ಬಾರದೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್‌ನಲ್ಲಿ 3,454 ಕೋಟಿ ಬಂತು. ಅಷ್ಟು ದಿನ ರೈತನ ಕೈಗೆ ಬಂದದ್ದು ರಾಜ್ಯದ 2,000 ರೂಪಾಯಿ.

ವಿರೋಧದಲ್ಲಿದ್ದ ಬಿಜೆಪಿ ಆಗ ಕೇಳಬಹುದಾಗಿದ್ದ ಒಳ್ಳೆಯ ಪ್ರಶ್ನೆ ಒಂದಿತ್ತು. 18,171 ಕೋಟಿಯಲ್ಲಿ ಬೆಳೆ ಹಾನಿಯ ಪಾಲು 4,663 ಕೋಟಿ ಮಾತ್ರ. 12,577 ಕೋಟಿ ಇದ್ದದ್ದು ಜೀವನೋಪಾಯ ಕಳೆದುಕೊಂಡ ಕುಟುಂಬಗಳ ನೆರವಿಗೆ. ಆ ಕುಟುಂಬಗಳ ಎಣಿಕೆ ಹೇಗೆ ಮಾಡಿದಿರಿ ಎಂದು ರಾಜ್ಯವನ್ನೂ, ಬೆಳೆ ಹಾನಿಯ ಪಾಲಿಗಿಂತಲೂ ಕಡಿಮೆ ಏಕೆ ಕೊಟ್ಟಿರಿ ಎಂದು ತಮ್ಮದೇ ಕೇಂದ್ರವನ್ನೂ ಒಟ್ಟಿಗೆ ಕೇಳಬೇಕಿತ್ತು. ಎರಡನೆಯದನ್ನು ಕೇಳಲು ಧೈರ್ಯ ಬೇಕಾಗುತ್ತದೆ. 2024ರಲ್ಲಿ ಈ ಮೂರೂ ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿಗೆ ಹೋದವು. ದೆಹಲಿಯಲ್ಲಿ ಈಗ ಅವರೇ ವಿರೋಧ ಪಕ್ಷ. ಮನವಿ ಪತ್ರ ಯಾವ ದಿನ ತಲುಪಿತು, ತಂಡ ಯಾವ ದಿನ ಬಂತು, ಸಮಿತಿ ಏನು ಒಪ್ಪಿತು ಎಂದು ಲೋಕಸಭೆಯಲ್ಲಿ ಲಿಖಿತವಾಗಿ ಕೇಳುವುದು ನಿಮ್ಮ ಸಂಸದರ ಕೆಲಸ. ಉತ್ತರ ಬಂದರೆ ‘ಕೇಳಿಲ್ಲ, ಕೊಟ್ಟಿಲ್ಲ’ ಜಗಳ ದಿನಾಂಕದಲ್ಲೇ ತೀರುತ್ತದೆ.

ಪ್ರಶ್ನೆ: ಸದನದಲ್ಲಿ ಸಭಾತ್ಯಾಗ ಮಾಡಿದರೆ ಸರ್ಕಾರಕ್ಕೆ ಏನು ನಷ್ಟ?
— ಓದುಗರು, ಸಿಂಧನೂರು

ಉತ್ತರ: ಏನೂ ಇಲ್ಲ. ವಿಧಾನಸಭೆಯಲ್ಲಿ ವಿರೋಧ ಪಕ್ಷ ನಿಯಮ 60ರಡಿ ನಿಲುವಳಿ ಸೂಚನೆ (ಉಳಿದ ಕಲಾಪ ನಿಲ್ಲಿಸಿ ಚರ್ಚಿಸುವ ಬೇಡಿಕೆ) ಕೊಡುತ್ತದೆ, ಸಭಾಧ್ಯಕ್ಷರು ಸಾಮಾನ್ಯವಾಗಿ ಅದನ್ನು ನಿಯಮ 69ರ ಚರ್ಚೆಯಾಗಿ ಬದಲಿಸುತ್ತಾರೆ, ಮಾತುಗಳಾಗುತ್ತವೆ, ಕೊನೆಗೆ ಕಂದಾಯ ಸಚಿವರು ಉತ್ತರಕ್ಕೆ ಏಳುತ್ತಾರೆ. ಹೊರನಡೆಯುವುದು ಬಹುತೇಕ ಆಗಲೇ. ಉತ್ತರದ ಮೇಲೆ ಸ್ಪಷ್ಟೀಕರಣ ಕೇಳುವ ಐದು ನಿಮಿಷವೇ ಇಡೀ ಚರ್ಚೆಯ ತಿರುಳು. ಸಚಿವರು ಅಲ್ಲಿ ‘ಹದಿನೈದು ದಿನದಲ್ಲಿ ಜಮಾ ಮಾಡುತ್ತೇವೆ’ ಎಂದರೆ ಅದು ಸರ್ಕಾರಿ ಭರವಸೆಗಳ ಸಮಿತಿಯ ಲೆಕ್ಕಕ್ಕೆ ಸೇರಿ ಬೆನ್ನು ಹತ್ತುತ್ತದೆ. ಅದನ್ನು ಹೇಳಿಸಲು ಎದುರಿಗೆ ಯಾರಾದರೂ ಕೂತಿರಬೇಕು. 2019ರ ಅಕ್ಟೋಬರಿನಲ್ಲಿ ನೆರೆಯ ನಂತರದ ಅಧಿವೇಶನ ನಡೆದದ್ದೇ ಮೂರು ದಿನ. ಅಂಥ ಕಡೆ ಒಂದು ಗಂಟೆ ಗದ್ದಲಕ್ಕೆ ಹೋದರೂ ದುಬಾರಿ.

ಇದಕ್ಕಿಂತ ಗಟ್ಟಿ, ಆದರೆ ಟಿ.ವಿ.ಯಲ್ಲಿ ಬಾರದ ದಾರಿ ಚುಕ್ಕೆ ಗುರುತಿಲ್ಲದ ಪ್ರಶ್ನೆ. ಲಿಖಿತ ಉತ್ತರ, ಜತೆಗೆ ತಾಲ್ಲೂಕುವಾರು ಅನುಬಂಧ. ಜಿಲ್ಲಾಧಿಕಾರಿಯ ಪಿ.ಡಿ. (ವೈಯಕ್ತಿಕ ಠೇವಣಿ) ಖಾತೆಯಲ್ಲಿ ವಿಪತ್ತು ಹಣದ ಆರಂಭ ಶಿಲ್ಕು, ಬಂದದ್ದು, ಖರ್ಚಾದದ್ದು, ಉಳಿದದ್ದು ಎಂಬ ನಾಲ್ಕು ಕಂಬ ಕೇಳಿದರೆ ಸಾಕು. ‘ಹಣದ ಕೊರತೆ ಇಲ್ಲ, ಜಿಲ್ಲಾಧಿಕಾರಿಗಳ ಖಾತೆಯಲ್ಲಿ ಸಾಕಷ್ಟು ಇದೆ’ ಎಂದು ಪ್ರತಿ ಸರ್ಕಾರವೂ ಹೇಳುತ್ತದೆ. ಹಾಗಾದರೆ ಅಲ್ಲೇ ಏಕೆ ಇದೆ ಎಂಬುದು ಮುಂದಿನ ಪ್ರಶ್ನೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷಗಿರಿಯೂ ವಾಡಿಕೆಯಂತೆ ವಿರೋಧ ಪಕ್ಷದ್ದೇ.

ಪ್ರಶ್ನೆ: ಮಳೆ ನಿಂತ ಮೂರನೇ ದಿನ ನಮ್ಮ ಮಣ್ಣಿನ ಮಾಳಿಗೆ ಮನೆಯ ಗೋಡೆ ಕುಸಿಯಿತು. ‘ಮಳೆ ಬಂದ ದಿನ ಬಿದ್ದಿಲ್ಲ’ ಅಂತ ಕೈ ಬಿಟ್ಟರು. ವಿರೋಧ ಪಕ್ಷದವರು ‘ನಮ್ಮ ಕಾಲದಲ್ಲಿ 5 ಲಕ್ಷ ಕೊಟ್ಟಿದ್ದೆವು’ ಅಂತ ಹೇಳಿ ಹೋದರು.
— ಓದುಗರು, ಕುರುಗೋಡು

ಉತ್ತರ: ಮಣ್ಣಿನ ಗೋಡೆ ತಡವಾಗಿ ಬೀಳುವುದು ಅದರ ಸ್ವಭಾವ. ಮೇಲ್ಮುದ್ದೆ (ಮಾಳಿಗೆಯ ಮೇಲಿನ ಮಣ್ಣು) ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ. ಬಿಸಿಲು ಬಿದ್ದಾಗ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ಬಿರುಕು ಬಿಟ್ಟು ಗೋಡೆ ಕೂರುವುದು ಆಗಲೇ. ಕುಸಿತಕ್ಕೆ ಮಳೆಯೇ ಕಾರಣ ಎಂದು ಪಂಚಾಯತ್ ರಾಜ್ ಎಂಜಿನಿಯರ್ ವರದಿಯಲ್ಲಿ ಬರೆದರೆ ತಾರೀಖಿನ ತಕರಾರು ನಿಲ್ಲುವುದಿಲ್ಲ. ಅವಶೇಷ ತೆಗೆಯುವ ಮೊದಲು ಹೊರಗಿನಿಂದ ನಾಲ್ಕು ಮೂಲೆ, ಒಳಗಿನಿಂದ ಬಿದ್ದ ಭಾಗ, ಗೋಡೆಯ ಬುಡದ ಹಸಿ ಗೆರೆ ಕಾಣುವ ಫೋಟೊ ತೆಗೆಯಿರಿ. ನೆರೆಮನೆಯ ಇಬ್ಬರ ಸಹಿ ಇರುವ ಪಂಚನಾಮೆ ಗ್ರಾಮ ಆಡಳಿತಾಧಿಕಾರಿಯಿಂದ ಮಾಡಿಸಿ.

5 ಲಕ್ಷದ ಮಾತು ನಿಜ. 2019ರಲ್ಲಿ ‘ಎ’ ವರ್ಗಕ್ಕೆ, ಅಂದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಳಾದ ಮನೆಗೆ, 5 ಲಕ್ಷ ಘೋಷಿಸಿದ್ದರು. ಮಾನದಂಡ ಹೇಳುವುದು ಪೂರ್ತಿ ಬಿದ್ದ ಮನೆಗೆ 1.20 ಲಕ್ಷ. ಶೇ 15ರ ಮೇಲೆ ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಭಾಗಶಃ ಹಾನಿಯ ಸಣ್ಣ ಮೊತ್ತಕ್ಕೂ 5 ಲಕ್ಷಕ್ಕೂ ನಡುವೆ ಇದ್ದದ್ದು ಎಂಜಿನಿಯರರ ಪೆನ್ನಿನ ಒಂದು ಅಕ್ಷರ. ಅಷ್ಟು ದೊಡ್ಡ ಅಂತರ ಇಟ್ಟರೆ ಅಕ್ಷರಕ್ಕೆ ಬೆಲೆ ಕಟ್ಟುವವರು ಹುಟ್ಟಿಕೊಳ್ಳುತ್ತಾರೆ. ಸಣ್ಣ ಬಿರುಕಿನ ಮನೆ ‘ಎ’ ಆಯಿತು, ಬಿದ್ದ ಮನೆ ಸಣ್ಣ ಹಾನಿಯ ‘ಸಿ’ಯಲ್ಲೇ ಉಳಿಯಿತು ಎಂಬ ದೂರುಗಳು ಆಗ ಹೇರಳವಾಗಿ ಬಂದವು. ಕಂತುಗಳು ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ನೋಡಿ ಬರುವುದರಿಂದ ಕೈಯಲ್ಲಿ ಕಾಸಿಲ್ಲದವರ ಮನೆ ತಳಪಾಯದಲ್ಲೇ ನಿಂತಿತು. 5 ಲಕ್ಷ ಘೋಷಿಸಿದೆವು ಎನ್ನುವವರು ಎಷ್ಟು ಮನೆಗೆ ಕೊನೆಯ ಕಂತು ಮುಟ್ಟಿತು ಎಂದು ಸೇರಿಸಿ ಹೇಳಲಿ.

ಪ್ರಶ್ನೆ: ತುಂಗಭದ್ರಾದ 19ನೇ ಗೇಟು ಹೋದಾಗ ವಿರೋಧ ಪಕ್ಷದವರ ಸಾಲುಸಾಲು ಭೇಟಿಯಿಂದ ಏನಾದರೂ ಆಯಿತೇ?
— ಓದುಗರು, ಕಂಪ್ಲಿ

ಉತ್ತರ: 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು, ಒಂದು ವಾರದಲ್ಲಿ ಹರಿವ ನೀರಿಗೇ ಹಲಗೆ ಗೇಟು ಇಳಿಸಿದರು. ಆ ವಾರದ ಭೇಟಿಗಳು ಕೆಲಸಕ್ಕೆ ಅಡ್ಡಿಯಾಗದಿದ್ದರೆ ಅದೇ ಪುಣ್ಯ. ಗೇಟುಗಳ ನಿರ್ವಹಣೆ ತುಂಗಭದ್ರಾ ಮಂಡಳಿಯದು. ಅದರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ, ಸದಸ್ಯರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣದವರಿದ್ದಾರೆ. ಹಾಗಾಗಿ ರಾಜ್ಯದ ಸಚಿವರೊಬ್ಬರನ್ನೇ ಬೈದದ್ದೂ, ರಾಜ್ಯಕ್ಕೆ ಸಂಬಂಧವೇ ಇಲ್ಲ ಎಂದದ್ದೂ ಎರಡೂ ತಪ್ಪು. ಕೇಳಬೇಕಿದ್ದ ಪ್ರಶ್ನೆ ಸರಳ: 1953ರಿಂದ ನೀರು ನಿಲ್ಲಿಸುತ್ತಿರುವ ಅಣೆಕಟ್ಟಿನ 33 ಗೇಟುಗಳಲ್ಲಿ ಒಂದು ಹೋದರೆ ತಡೆಯಲು ತುರ್ತು ಹಲಗೆ ಏಕೆ ಸಿದ್ಧವಿರಲಿಲ್ಲ? ಅವಘಡ ಆದ ಮೇಲೆ ಹೊಸದಾಗಿ ತಯಾರಿಸಬೇಕಾಯಿತು.

ಪ್ರಶ್ನೆ: ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆ ಊರುಗಳಿಗೆ ದಾರಿ ಇರುವುದಿಲ್ಲ. ಪ್ರತಿ ಸಲ ವಿರೋಧ ಪಕ್ಷದವರು ಬಂದು ‘ಸೇತುವೆಗೆ ಹೋರಾಟ’ ಅನ್ನುತ್ತಾರೆ. ಮುಂದಿನ ಸಲ ಬಂದಾಗ ನಾವೇನು ಮಾಡಬೇಕು?
— ಓದುಗರು, ಲಿಂಗಸುಗೂರು ತಾಲ್ಲೂಕು

ಉತ್ತರ: ಸೇತುವೆ ಬಗ್ಗೆ ನಾಲ್ಕು ಕಾಗದ ಕೇಳಿ: ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಇವುಗಳ ಸಂಖ್ಯೆ ಮತ್ತು ದಿನಾಂಕ ಇಲ್ಲದ ಸೇತುವೆ ಭಾಷಣದಲ್ಲಿ ಮಾತ್ರ ಇರುತ್ತದೆ, ಭಾಷಣ ಯಾವ ಪಕ್ಷದವರದಾದರೂ ಅಷ್ಟೇ.

ಪರಿಹಾರಕ್ಕೆ ಊರವರೇ ಒಂದು ಹಾಳೆ ತಯಾರಿಸಿಡಿ. ಸರ್ವೆ ನಂಬರು, ಪಹಣಿದಾರರ ಹೆಸರು, ಮುಳುಗಿದ ವಿಸ್ತೀರ್ಣ ಎಕರೆ-ಗುಂಟೆಯಲ್ಲಿ, ಬೆಳೆ, ಜಂಟಿ ಸಮೀಕ್ಷೆಗೆ ಬಂದ ದಿನ, ಜಮಾ ಆದ ಮೊತ್ತ, ಆಗದಿದ್ದರೆ ತಂತ್ರಾಂಶ ತೋರಿಸುವ ಕಾರಣ. ಕೊನೆಯ ಕಂಬವೇ ಮುಖ್ಯ. ನೂರು ಹೆಸರಿನಲ್ಲಿ ಅರವತ್ತಕ್ಕೆ ‘ಬೆಳೆ ತಾಳೆಯಾಗಿಲ್ಲ’ ಎಂದಿದ್ದರೆ ಅದು ಅರವತ್ತು ಜನರ ಕಷ್ಟವಲ್ಲ, ಒಂದು ಸಮೀಕ್ಷೆಯ ತಪ್ಪು. ಒಂದೇ ಮರುಸಮೀಕ್ಷೆ ಆದೇಶದಲ್ಲಿ ಸರಿಯಾಗುತ್ತದೆ.

ಕಾರಣ ಸಿಗದಿದ್ದರೆ ತಹಶೀಲ್ದಾರ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಕರ್ನಾಟಕದಲ್ಲಿ ಎರಡು ವಿಷಯ ಬೆರೆಸಿದರೆ ಅರ್ಜಿ ವಾಪಸು ಬರುತ್ತದೆ, ಬಹಳ ಜನ ಎಡವುವುದು ಇಲ್ಲೇ. ಗ್ರಾಮದ ಜಂಟಿ ಸಮೀಕ್ಷೆ ಪಟ್ಟಿಯ ನಕಲು ಎಂದಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಹಾಳೆಯ ಎರಡು ಪ್ರತಿ ಮಾಡಿ. ನಾಯಕರು ಕಾರಿನಿಂದ ಇಳಿದ ಕೂಡಲೇ, ಹಾರ ಹಾಕುವ ಮೊದಲು, ಒಂದನ್ನು ಅವರ ಕೈಗೆ ಕೊಟ್ಟು ಇನ್ನೊಂದರ ಮೇಲೆ ತಾರೀಖಿನೊಂದಿಗೆ ಅವರ ಸಹಿ ಪಡೆಯಿರಿ. ಫೋಟೊ ತೆಗೆಸಿಕೊಳ್ಳಲು ನಿಂತರೆ ಆ ಹಾಳೆ ಕಾಣುವ ಹಾಗೆ ಹಿಡಿಯಲು ಹೇಳಿ.